ಬಾಯ್ಲರ್ ಕೊಳ್ಳುವ ಮೊದಲು ಮನೆ ಅಳೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಯ್ಲರ್ ಬಗ್ಗೆಯೇ ಇವೆ. ಬಾಯ್ಲರ್ ಅಂದರೆ ಇಲ್ಲಿ ಸ್ನಾನದ ಮನೆಯ ಗೀಸರ್ ಅಲ್ಲ. ನೀರು ಕಾಯಿಸಿ, ಅದನ್ನು ಪೈಪಿನಲ್ಲಿ ಕೋಣೆ ಕೋಣೆಯ ರೇಡಿಯೇಟರ್‌ಗೆ ಕಳಿಸಿ, ಇಡೀ ಮನೆಯನ್ನು ಬೆಚ್ಚಗಿಡುವ ಯಂತ್ರ. ಇಪ್ಪತ್ತೆರಡು ವರ್ಷಗಳಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದನ್ನು ಓದಿದರೆ ಉಳಿದವು ಸುಲಭವಾಗುತ್ತವೆ.

ಪ್ರಶ್ನೆ: ನಮ್ಮದು ಮೂರು ಮಲಗುವ ಕೋಣೆಯ ಮನೆ. 12 ರೇಡಿಯೇಟರ್ ಇವೆ. ಹಳೆಯ ಗ್ಯಾಸ್ ಬಾಯ್ಲರ್ 28 ಕಿಲೋವ್ಯಾಟ್‌ನದು. ಇನ್ನೂ ಉರಿಯುತ್ತಿದೆ, ಆದರೆ ಬಿಡಿಭಾಗಗಳು ಸಿಗುತ್ತಿಲ್ಲ. ಮೂವರು ಫಿಟ್ಟರ್‌ಗಳನ್ನು ಕರೆಸಿದೆವು. ಒಬ್ಬರು 30 ಬೇಕು ಅಂದರು. ಇನ್ನೊಬ್ಬರು ‘ಸೇಫ್ಟಿಗೆ ಇರಲಿ’ ಅಂತ 35 ಹೇಳಿದರು. ಮೂರನೆಯವರು 18 ಸಾಕು ಅಂದರು. ಯಾರನ್ನು ನಂಬೋಣ?

ಉತ್ತರ: ಮೂವರಿಗೂ ಒಂದೇ ಪ್ರಶ್ನೆ ಕೇಳಿ: ‘ಈ ಅಂಕಿ ಹೇಗೆ ಬಂತು?’ ಅಳತೆ ಟೇಪು ಹಿಡಿದು ಕೋಣೆ ಕೋಣೆಗೆ ಹೋದವರು ಯಾರಾದರೂ ಇದ್ದರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. 30 ಅಂದವರು ಹಳೆಯದು 28 ಇದೆ ಅಂತ ನೋಡಿ ಒಂದು ಮೆಟ್ಟಿಲು ಮೇಲೆ ಹೋಗಿರಬೇಕು. ಮೂರನೆಯವರ 18 ಎಲ್ಲಿಂದ ಬಂದಿರಬಹುದು ಅಂತಲೂ ಊಹಿಸಬಲ್ಲೆ. 12 ರೇಡಿಯೇಟರ್, ತಲಾ ಒಂದೂವರೆ. ಈ ಕೆಲಸದವರು ಬಾಯಿಲೆಕ್ಕದಲ್ಲಿ ಹೀಗೆ ಗುಣಿಸುವುದುಂಟು. ಯಾರೂ ಮನೆಯನ್ನು ಕೇಳಿಲ್ಲ.

ಮನೆಗೆ ಎಷ್ಟು ಶಾಖ ಬೇಕು? ಎಷ್ಟು ಸೋರುತ್ತದೋ ಅಷ್ಟು. ತೂತು ಕೊಡಕ್ಕೆ ಸೋರಿದಷ್ಟೇ ನೀರು ಸುರಿಯುತ್ತಾ ಇದ್ದರೆ ಮಟ್ಟ ಇಳಿಯುವುದಿಲ್ಲ, ಅಲ್ವಾ? ಹಾಗೆಯೇ ಇದು. ಶಾಖ ಸೋರುವುದು ಎರಡು ದಾರಿಯಲ್ಲಿ. ಗೋಡೆ, ಕಿಟಕಿ, ಚಾವಣಿ, ನೆಲದ ಮೂಲಕ ಒಂದು. ಸಂದಿಗೊಂದಿಯಲ್ಲಿ ಹೊರಹೋಗುವ ಗಾಳಿಯ ಜೊತೆ ಇನ್ನೊಂದು.

ಒಂದು ಕೋಣೆಯ ಲೆಕ್ಕ ಮಾಡಿ ತೋರಿಸುತ್ತೇನೆ. ಮಹಡಿ ಮೇಲಿನ ಕೋಣೆ, 4 ಮೀಟರ್ ಉದ್ದ, 3.5 ಮೀಟರ್ ಅಗಲ, 2.4 ಮೀಟರ್ ಎತ್ತರ. ಉದ್ದದ ಒಂದು ಗೋಡೆ ಮಾತ್ರ ಹೊರಗಿನದು. ಉಳಿದ ಮೂರೂ ಕಡೆ, ಕೆಳಗೂ, ಬಿಸಿ ಇರುವ ಕೋಣೆಗಳೇ. ಒಳಗೆ 21 ಡಿಗ್ರಿ ಬೇಕು. ವರ್ಷದ ತೀರಾ ಚಳಿಯ ರಾತ್ರಿ ಹೊರಗೆ ಮೈನಸ್ 4 ಅಂದುಕೊಳ್ಳಿ. ವ್ಯತ್ಯಾಸ 25 ಡಿಗ್ರಿ.

ಹೊರಗೋಡೆ 9.6 ಚದರ ಮೀಟರ್. ಅದರಲ್ಲಿ ಕಿಟಕಿ 2 ಹೋದರೆ ಬರೀ ಗೋಡೆ 7.6. ನಡುವೆ ಟೊಳ್ಳಿರುವ ಇಟ್ಟಿಗೆಯ ಜೋಡಿ ಗೋಡೆ, ಟೊಳ್ಳಿನೊಳಗೆ ಏನೂ ತುಂಬಿಲ್ಲ ಅಂದರೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಸುಮಾರು 1.5 ವ್ಯಾಟ್ ಬಿಡುತ್ತದೆ. ಇದನ್ನು ಯು ಮೌಲ್ಯ ಅನ್ನುತ್ತಾರೆ. 7.6, 1.5, 25 ಮೂರನ್ನೂ ಗುಣಿಸಿದರೆ 285 ವ್ಯಾಟ್. ಹಳೆಯ ಜೋಡಿ ಗಾಜಿನ ಕಿಟಕಿಗೆ ಯು ಮೌಲ್ಯ 2.8 ಹಿಡಿಯಿರಿ, 140 ವ್ಯಾಟ್ ಆಯಿತು. ಮೇಲೆ ಅಟ್ಟದಲ್ಲಿ ಉಣ್ಣೆಯಂಥ ಇನ್ಸುಲೇಷನ್ ಹಾಸಿದ್ದರೆ ಚಾವಣಿಯದು 70 ವ್ಯಾಟ್. ಇನ್ನು ಗಾಳಿ. ಕೋಣೆಯ ಗಾತ್ರ 33.6 ಘನ ಮೀಟರ್. ಗಂಟೆಗೊಮ್ಮೆ ಅಷ್ಟೂ ಗಾಳಿ ಬದಲಾಗುತ್ತದೆ ಅಂತ ಹಿಡಿದರೆ, ಗಾತ್ರವನ್ನು 0.33ರಿಂದಲೂ 25ರಿಂದಲೂ ಗುಣಿಸಬೇಕು. 277 ವ್ಯಾಟ್.

ಗಾಳಿಯ ಲೆಕ್ಕ ನೋಡಿದಿರಾ? ಇಡೀ ಗೋಡೆ ಬಿಡುವಷ್ಟು ಶಾಖ ಸಂದಿಗಳಲ್ಲೇ ಹೋಯಿತು. ಜನ ಗೋಡೆ ದಪ್ಪ ಇದೆ ಅಂತ ನೆಮ್ಮದಿಯಾಗಿರುತ್ತಾರೆ, ಬಾಗಿಲ ಕೆಳಗಿನ ಬೆರಳಗಲದ ಸಂದಿಯನ್ನು ನೋಡುವುದೇ ಇಲ್ಲ.

ಎಲ್ಲ ಸೇರಿ 772 ವ್ಯಾಟ್. ಒಂದು ಕಿಲೋವ್ಯಾಟ್ ಕೂಡ ಆಗಲಿಲ್ಲ! ಎಲ್ಲ ಕೋಣೆಗಳಿಗೂ ಹೀಗೆ ಮಾಡಿ ಕೂಡಿಸಿ. ಮೂಲೆಯ ಕೋಣೆಗೆ ಎರಡು ಹೊರಗೋಡೆ ಇರುತ್ತವೆ, ಮರೆಯಬೇಡಿ. ನಿಮ್ಮಂಥ ಮನೆಗಳಲ್ಲಿ ನಾನು ಅಳೆದಾಗ ಮೊತ್ತ ಹೆಚ್ಚಾಗಿ 6ರಿಂದ 10 ಕಿಲೋವ್ಯಾಟ್ ಒಳಗೆ ಬಂದಿದೆ. 35 ಎಲ್ಲಿ, 8 ಎಲ್ಲಿ?

ನಂಬಿಕೆ ಬರದಿದ್ದರೆ ಗ್ಯಾಸ್ ಮೀಟರನ್ನೇ ಸಾಕ್ಷಿ ಕೇಳಿ. ನಿಮ್ಮ ಹಳೆಯ ಬಾಯ್ಲರ್ ಇನ್ನೂ ಉರಿಯುತ್ತಿರುವುದು ಒಳ್ಳೆಯದೇ ಆಯಿತು. ಚಳಿ ಇರುವ ಒಂದು ದಿನ ಮನೆಯನ್ನು ಇಡೀ 24 ಗಂಟೆ ಒಂದೇ ಬಿಸಿಯಲ್ಲಿ ಇಡಿ. ಶುರುವಿನಲ್ಲೂ ಕೊನೆಯಲ್ಲೂ ಮೀಟರ್ ಬರೆದಿಟ್ಟುಕೊಳ್ಳಿ. ಅಡುಗೆ, ಸ್ನಾನದ ಪಾಲು ಕಳೆದು 10 ಘನ ಮೀಟರ್ ಉರಿದಿದೆ ಅಂದುಕೊಳ್ಳೋಣ. ಒಂದು ಘನ ಮೀಟರ್ ನೈಸರ್ಗಿಕ ಅನಿಲದಲ್ಲಿ ಹೆಚ್ಚು ಕಡಿಮೆ 10.5 ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ, ಶಾಖ ಇರುತ್ತದೆ. ಹಾಗಾದರೆ 105 ಯೂನಿಟ್. ಹಳೆಯ ಬಾಯ್ಲರ್ ಅದರಲ್ಲಿ ನೂರಕ್ಕೆ 80 ಭಾಗ ಮನೆಗೆ ಕೊಟ್ಟರೆ 84. ಇಪ್ಪತ್ತನಾಲ್ಕರಿಂದ ಭಾಗಿಸಿದರೆ 3.5 ಕಿಲೋವ್ಯಾಟ್. ಆ ದಿನ ಒಳಗೆ 20, ಹೊರಗೆ ಸರಾಸರಿ 3 ಡಿಗ್ರಿ ಇತ್ತು ಅನ್ನಿ. 17 ಡಿಗ್ರಿಗೆ 3.5 ಆದರೆ ಮೈನಸ್ 4ರ ರಾತ್ರಿಯ 24 ಡಿಗ್ರಿಗೆ ಸುಮಾರು 5 ಕಿಲೋವ್ಯಾಟ್. ಟೇಪಿನ ಲೆಕ್ಕಕ್ಕಿಂತ ಮೀಟರಿನ ಲೆಕ್ಕ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ. ಗಾಳಿಯ ಅಂದಾಜನ್ನು ನಾವು ಧಾರಾಳವಾಗಿಯೇ ಹಿಡಿದಿದ್ದೆವು. ಮನೆಯಲ್ಲಿರುವ ಜನ, ಒಲೆ, ಫ್ರಿಜ್, ಕಿಟಕಿಯ ಬಿಸಿಲು ಕೂಡ ಒಂದಿಷ್ಟು ಶಾಖ ಕೊಡುತ್ತವೆ. ಹಗಲೆಲ್ಲ ಆರಿಸಿಟ್ಟು ಸಂಜೆ ಬೇಗ ಬಿಸಿ ಮಾಡುವ ಅಭ್ಯಾಸ ಇದ್ದರೆ ಒಂದೆರಡು ಕಿಲೋವ್ಯಾಟ್ ಸೇರಿಸಿಕೊಳ್ಳಿ.

‘ದೊಡ್ಡದಿದ್ದರೆ ನಷ್ಟವೇನು?’ ಅಂತ ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಕೆಲಸ ಕಲಿತ ಹೊಸದರಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದ ಒಂದು ಮನೆಗೆ 30 ಕಿಲೋವ್ಯಾಟ್‌ನ ಬಾಯ್ಲರ್ ಕೂರಿಸಿದೆ. ಚಳಿಗೆ ಅವರಿಗೆ ತೊಂದರೆ ಆಗಬಾರದು ಅನ್ನುವುದೊಂದೇ ಮನಸ್ಸಿನಲ್ಲಿತ್ತು. ಮುಂದಿನ ವರ್ಷ ಅಜ್ಜಿ ಫೋನ್ ಮಾಡಿ, ‘ಅದು ರಾತ್ರಿಯೆಲ್ಲಾ ನಿದ್ದೆ ಮಾಡಲ್ಲ, ನಮ್ಮನ್ನೂ ಮಾಡಗೊಡಲ್ಲ’ ಅಂದರು. ಹೋಗಿ ಅದರ ಮುಂದೆ ಒಂದು ಸ್ಟೂಲ್ ಹಾಕಿಕೊಂಡು ಗಡಿಯಾರ ಹಿಡಿದು ಕೂತೆ. ಫ್ಯಾನ್ ಗುಂಯ್ ಅನ್ನುತ್ತದೆ. ಟಕ್ ಟಕ್ ಅಂತ ಕಿಡಿ. ಬುಸ್ ಅಂತ ಉರಿ. ಎರಡು ನಿಮಿಷ ಆಗುವಷ್ಟರಲ್ಲಿ ನೀರು ಕಾದು ಮತ್ತೆ ಎಲ್ಲಾ ಸ್ತಬ್ಧ. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್. ಒಂದು ಗಂಟೆಯಲ್ಲಿ 13 ಸಲ ಹೊತ್ತಿ ಆರಿತು. ಆ ಬಾಯ್ಲರ್ ಎಷ್ಟೇ ತಗ್ಗಿ ಉರಿದರೂ 9 ಕಿಲೋವ್ಯಾಟ್‌ಗಿಂತ ಕೆಳಗಿಳಿಯಲಾರದು. ಆ ದಿನದ ಚಳಿಗೆ ಮನೆಗೆ ಬೇಕಿದ್ದದ್ದು 3. ಆಮೇಲೆ ಟೇಪು ಹಿಡಿದು ಅಳೆದೆ. ತೀರಾ ಚಳಿಗೂ ಆ ಮನೆಗೆ 7 ಸಾಕಿತ್ತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಿದ್ದೆ. ನೀರಿನ ಬಿಸಿ ಇಳಿಸಿ, ಮತ್ತೆ ಹೊತ್ತುವ ಮುನ್ನ ಕಾಯುವ ಸಮಯ ಹೆಚ್ಚಿಸಿ, 13ನ್ನು 6ಕ್ಕೆ ತಂದೆ. ಅದಕ್ಕಿಂತ ಕಡಿಮೆ ಮಾಡಲು ಆಗಲಿಲ್ಲ. ಅಜ್ಜಿ ಏನೂ ಅನ್ನಲಿಲ್ಲ, ಆದರೆ ಆ ಮನೆ ನನ್ನ ಮನಸ್ಸಿನಿಂದ ಹೋಗಿಲ್ಲ. ಅಂದಿನಿಂದ ಅಳೆಯದೆ ಒಂದೂ ಬಾಯ್ಲರ್ ಕೂರಿಸಿಲ್ಲ.

ಪ್ರತಿ ಸಲ ಹೊತ್ತುವಾಗಲೂ ಫ್ಯಾನು ಒಳಗಿನ ಬಿಸಿಯನ್ನು ಹೊಗೆ ಕೊಳವೆಯಿಂದ ಆಚೆ ಊದುತ್ತದೆ. ಕಿಡಿ ಹಾರಿಸುವ ಭಾಗ, ಗ್ಯಾಸ್ ವಾಲ್ವ್, ಫ್ಯಾನ್ ಎಲ್ಲ ಬೇಗ ಸವೆಯುತ್ತವೆ. ಆದ್ದರಿಂದ ನಿಮ್ಮ ಮೂವರು ಫಿಟ್ಟರ್‌ಗಳಿಗೆ ಎರಡನೆಯ ಪ್ರಶ್ನೆ: ‘ಇದು ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ?’ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಗರಿಷ್ಠ. ಕನಿಷ್ಠ ಇರುವುದು ಕೈಪಿಡಿಯ ಹಿಂದಿನ ಪುಟದ ಕೋಷ್ಟಕದಲ್ಲಿ. 24 ಕಿಲೋವ್ಯಾಟ್‌ನ ಬಾಯ್ಲರ್ ಹತ್ತನೇ ಒಂದು ಭಾಗಕ್ಕೆ, ಅಂದರೆ 2.4ಕ್ಕೆ ಇಳಿಯುವಂಥದ್ದಾದರೆ ಧೈರ್ಯವಾಗಿ ತೆಗೆದುಕೊಳ್ಳಿ. ಅದೇ 24, ಆದರೆ 8ಕ್ಕಿಂತ ಕೆಳಗಿಳಿಯದು ಅಂದರೆ ಬೇಡ.

ಪ್ರಶ್ನೆ: ನಮ್ಮ ಹಳೆಯ ಬಾಯ್ಲರ್ ಮೇಲೆ 80,000 ಬಿಟಿಯು ಅಂತಿದೆ. ಅದು ಎಷ್ಟು ಕಿಲೋವ್ಯಾಟ್?

ಉತ್ತರ: 3,412ರಿಂದ ಭಾಗಿಸಿ. 23.4 ಕಿಲೋವ್ಯಾಟ್. ಅದು ಬಾಯ್ಲರ್ ಹೊರಗೆ ಕೊಡುವ ಶಾಖವೋ, ಒಳಗೆ ಉರಿಸುವ ಗ್ಯಾಸಿನ ಲೆಕ್ಕವೋ ಅಂತಲೂ ಅದೇ ತಗಡಿನ ಮೇಲೆ ನೋಡಿ. ಹಳೆಯ ಬಾಯ್ಲರ್‌ಗಳಲ್ಲಿ ಎರಡಕ್ಕೂ ಸಾಕಷ್ಟು ಅಂತರ ಇರುತ್ತದೆ.

ಪ್ರಶ್ನೆ: ನಾವು ಐದು ಜನ. ಎರಡು ಬಾತ್‌ರೂಮ್. ಬೆಳಿಗ್ಗೆ ಎರಡರಲ್ಲೂ ಒಟ್ಟಿಗೆ ಶವರ್ ಓಡುತ್ತದೆ. ಈಗ ಬಿಸಿನೀರಿನ ಟ್ಯಾಂಕ್ ಇರುವ ಪದ್ಧತಿ. ಟ್ಯಾಂಕ್ ತೆಗೆದು 24 ಕಿಲೋವ್ಯಾಟ್‌ನ ಕಾಂಬಿ ಹಾಕಿಸಿ, ಜಾಗ ಉಳಿಯುತ್ತದೆ ಅನ್ನುತ್ತಾರೆ. ಸರಿಯಾ?

ಉತ್ತರ: ನಿಮ್ಮ ಮನೆಗೆ ಬೇಡ. ಯಾಕೆ ಅಂತ ಹೇಳುತ್ತೇನೆ.

ಕಾಂಬಿ ಅಂದರೆ ನಲ್ಲಿ ತಿರುಗಿಸಿದಾಗ ಹರಿಯುವ ನೀರನ್ನೇ ಆ ಕ್ಷಣದಲ್ಲಿ ಕಾಯಿಸುವ ಬಾಯ್ಲರ್. ಶೇಖರಣೆ ಇಲ್ಲ. ಮನೆ ಬೆಚ್ಚಗಿಡಲು 7 ಕಿಲೋವ್ಯಾಟ್ ಸಾಕಾದರೂ ನಲ್ಲಿಗೆ ಮೂರು ನಾಲ್ಕು ಪಟ್ಟು ಬೇಕಾಗುತ್ತದೆ. ಕಾಂಬಿಯ ಡಬ್ಬದ ಮೇಲಿನ ದೊಡ್ಡ ಅಂಕಿ ನಲ್ಲಿಗಾಗಿಯೇ ಇರುವುದು. 24 ಕಿಲೋವ್ಯಾಟ್‌ನಲ್ಲಿ ನಿಮಿಷಕ್ಕೆ ಸುಮಾರು 10 ಲೀಟರ್ ನೀರನ್ನು 35 ಡಿಗ್ರಿ ಏರಿಸಬಹುದು. ಒಂದು ಒಳ್ಳೆಯ ಶವರ್‌ಗೆ ಸಾಕು. ತಲಾ 8 ಲೀಟರಿನ ಎರಡು ಶವರ್ ಒಟ್ಟಿಗೆ ಓಡಿದರೆ 16 ಲೀಟರ್. ಅದಕ್ಕೆ 39 ಕಿಲೋವ್ಯಾಟ್ ಬೇಕು. ಚಳಿಗಾಲದಲ್ಲಿ ಪೈಪಿನ ನೀರು ಇನ್ನೂ ತಣ್ಣಗಿರುತ್ತದೆ, ಆಗ 39 ಕೂಡ ಸಾಲುವುದಿಲ್ಲ.

ಅಷ್ಟು ದೊಡ್ಡ ಕಾಂಬಿ ತಂದರೂ ನಿಮ್ಮ ಪೈಪು 16 ಲೀಟರ್ ಕೊಡುತ್ತದಾ? 10 ಲೀಟರಿನ ಬಕೆಟ್ ತೆಗೆದುಕೊಂಡು ಅಡುಗೆಮನೆಯ ತಣ್ಣೀರಿನ ನಲ್ಲಿ ಪೂರ್ತಿ ತಿರುಗಿಸಿ, ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ. ಒಂದು ನಿಮಿಷ ಹಿಡಿದರೆ ಅಲ್ಲಿಗೆ ಮುಗಿಯಿತು. ಆ ನಲ್ಲಿಗೆ ಅದಕ್ಕಿಂತ ಜಾಸ್ತಿ ನೀರು ಬರುತ್ತಿಲ್ಲ. ಯಾವ ಬಾಯ್ಲರ್ ಕೂಡ ಇಲ್ಲದ ನೀರನ್ನು ತರಲಾರದು. ಈ ಪರೀಕ್ಷೆಯನ್ನು ಬೆಳಿಗ್ಗೆ ಅಕ್ಕಪಕ್ಕದವರೂ ನೀರು ಬಳಸುವ ಹೊತ್ತಿಗೇ ಮಾಡಿ, ಮಧ್ಯಾಹ್ನ ಬೇಡ.

ಟ್ಯಾಂಕಿನ ಲೆಕ್ಕ ಬೇರೆ. 200 ಲೀಟರ್ ನೀರನ್ನು 10ರಿಂದ 60 ಡಿಗ್ರಿಗೆ ಏರಿಸಲು 11.6 ಯೂನಿಟ್ ಶಾಖ ಬೇಕು. 12 ಕಿಲೋವ್ಯಾಟ್‌ನ ಸಣ್ಣ ಬಾಯ್ಲರ್ ಒಂದು ಗಂಟೆಯಲ್ಲಿ ಕಾಯಿಸಿಡುತ್ತದೆ. ಆ 60 ಡಿಗ್ರಿಯ ನೀರಿಗೆ ತಣ್ಣೀರು ಬೆರೆಸಿ 40ಕ್ಕೆ ತಂದರೆ ಲೆಕ್ಕದ ಪ್ರಕಾರ 330 ಲೀಟರ್ ಆಗುತ್ತದೆ. ಐದು ಜನರ ಬೆಳಗಿನ ಸ್ನಾನ ಆರಾಮಾಗಿ ಮುಗಿಯುತ್ತದೆ. ಟ್ಯಾಂಕನ್ನು 60ಕ್ಕಿಂತ ಕಡಿಮೆ ಇಟ್ಟು ಉಳಿಸೋಣ ಅಂತ ಮಾತ್ರ ಹೊರಡಬೇಡಿ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೋನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಲ್ಲಿಯಲ್ಲಿ ಕೈ ಸುಡದಂತೆ ಬೆರಕೆ ವಾಲ್ವ್ ಹಾಕಿಸಿ.

ಒಬ್ಬರೋ ಇಬ್ಬರೋ ಇದ್ದು, ಒಂದೇ ಬಾತ್‌ರೂಮ್ ಇದ್ದು, ನಲ್ಲಿಯ ರಭಸ ಚೆನ್ನಾಗಿರುವ ಮನೆಗೆ ಕಾಂಬಿಯೇ ಒಳ್ಳೆಯದು. ಅಲ್ಲಿ ಟ್ಯಾಂಕ್ ಸುಮ್ನೆ ಜಾಗ ತಿನ್ನುತ್ತದೆ, ನೀರು ಬಳಸದಿದ್ದರೂ ಶಾಖ ಕಳೆದುಕೊಳ್ಳುತ್ತಾ ಕೂರುತ್ತದೆ.

ಪ್ರಶ್ನೆ: ಹೋದ ವರ್ಷ ಕಂಡೆನ್ಸಿಂಗ್ ಬಾಯ್ಲರ್ ಹಾಕಿಸಿದೆವು. ಗ್ಯಾಸ್ ತುಂಬಾ ಉಳಿಯುತ್ತದೆ ಅಂದಿದ್ದರು. ಅಷ್ಟೇನೂ ಉಳಿಯಲಿಲ್ಲ. ರೇಡಿಯೇಟರ್‌ಗಳು ಮುಟ್ಟಲಾಗದಷ್ಟು ಸುಡುತ್ತವೆ. ಬಾಯ್ಲರ್ ಕೆಟ್ಟದ್ದು ಬಂದಿದೆಯಾ?

ಉತ್ತರ: ಬಾಯ್ಲರ್ ಚೆನ್ನಾಗಿಯೇ ಇರಬೇಕು. ರೇಡಿಯೇಟರ್ ಸುಡುತ್ತಿರುವುದೇ ತೊಂದರೆ.

ಗ್ಯಾಸ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಒಂದು ಘನ ಮೀಟರ್ ಅನಿಲ ಉರಿದರೆ ಒಂದೂವರೆ ಲೀಟರ್‌ಗೂ ಸ್ವಲ್ಪ ಜಾಸ್ತಿ ನೀರು. ಆ ಆವಿ ಹೊಗೆಯ ಜೊತೆ ಹಾಗೇ ಹೊರಟುಹೋದರೆ ಅದರಲ್ಲಿ ಅಡಗಿದ ಶಾಖವೂ ಹೋಯಿತು. ಬಾಯ್ಲರ್ ಒಳಗೇ ಅದು ನೀರಾಗಿ ಇಳಿದರೆ ಶಾಖ ನಮ್ಮದು. ಕಂಡೆನ್ಸಿಂಗ್ ಅಂದರೆ ಇದೇ. ನೈಸರ್ಗಿಕ ಅನಿಲದಲ್ಲಿ ಈ ಪಾಲು ನೂರಕ್ಕೆ ಹತ್ತರಷ್ಟು. ಆದರೆ ಆವಿ ನೀರಾಗಬೇಕಾದರೆ ಅದಕ್ಕೆ ತಣ್ಣನೆಯ ಜಾಗ ತಗುಲಬೇಕು. ರೇಡಿಯೇಟರ್ ಸುತ್ತಿ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಇದು ಶುರುವಾಗುತ್ತದೆ. ಕೆಳಗೆ ಹೋದಷ್ಟೂ ಹೆಚ್ಚುತ್ತದೆ. ನಿಮ್ಮ ಮನೆಯಲ್ಲಿ 75, 80ರಲ್ಲಿ ಹೋಗಿ 60ರ ಮೇಲೆ ವಾಪಸ್ ಬರುತ್ತಿರಬೇಕು. ಹೆಸರಿಗಷ್ಟೇ ಕಂಡೆನ್ಸಿಂಗ್.

ಒಂದು ಪರೀಕ್ಷೆ ಮಾಡಿ. ಬಾಯ್ಲರ್ ಅಡಿಯಿಂದ ಬೆರಳು ಗಾತ್ರದ ಒಂದು ಪ್ಲಾಸ್ಟಿಕ್ ಪೈಪು ಹೊರಟು ಚರಂಡಿಗೆ ಸೇರುತ್ತದೆ. ಅದರ ತುದಿ ಕಾಣುವ ಕಡೆ, ಬಾಯ್ಲರ್ ಅರ್ಧ ಗಂಟೆ ಉರಿದ ಮೇಲೆ ಹೋಗಿ ನೋಡಿ. ತೊಟ್ಟಿಕ್ಕುತ್ತಿದ್ದರೆ ಆವಿ ನೀರಾಗುತ್ತಿದೆ. ಒಣಗಿದ್ದರೆ ಇಲ್ಲ. ಆಮೇಲೆ ಬಾಯ್ಲರ್ ಮೇಲಿನ ರೇಡಿಯೇಟರ್ ಗುಂಡಿಯನ್ನು 60ಕ್ಕೆ ತಂದು ಒಂದು ವಾರ ಬಿಡಿ. ಮನೆ ಬೆಚ್ಚಗಿದ್ದರೆ 55ಕ್ಕೆ ಇಳಿಸಿ. ಪೈಪಿನ ತುದಿಯಲ್ಲಿ ಹನಿ ಹನಿ ಬೀಳತೊಡಗಿದಾಗ ಆಗುವ ಸಂತೋಷ ನನಗಿನ್ನೂ ಹಳತಾಗಿಲ್ಲ.

ರೇಡಿಯೇಟರ್ ಸಾಲುತ್ತದಾ ಅನ್ನುವ ಭಯ ಇರುತ್ತದೆ. ಮೊದಲ ಉತ್ತರದ ಕೋಣೆಯನ್ನು ನೆನಪಿಸಿಕೊಳ್ಳಿ. ತೀರಾ ಚಳಿಗೆ 772 ವ್ಯಾಟ್ ಬೇಕಿತ್ತು. ರೇಡಿಯೇಟರ್ ಪಟ್ಟಿಯಲ್ಲಿ 1,500 ವ್ಯಾಟ್ ಅಂತ ಬರೆದಿದ್ದರೆ ಅದು ಸರಾಸರಿ 70 ಡಿಗ್ರಿ ನೀರಿಗೆ ಹೇಳಿದ ಮಾತು. ನೀರಿನ ಸರಾಸರಿ 50ಕ್ಕೆ ಇಳಿದರೆ ಅದು ಹೆಚ್ಚು ಕಡಿಮೆ ಅರ್ಧ ಕೊಡುತ್ತದೆ, 770 ವ್ಯಾಟ್. ಆ ಕೋಣೆಗೆ ಸರಿಯಾಗಿ ಸಾಕು. ಬೇಗ ಬಿಸಿ ಆಗುವುದಿಲ್ಲ, ಹೊತ್ತು ಹಿಡಿಯುತ್ತದೆ. ಅರ್ಧ ಗಂಟೆ ಮುಂಚೆ ಶುರು ಮಾಡಿ, ಅಷ್ಟೇ. ಎಲ್ಲೋ ಒಂದು ಕೋಣೆ ಹಿಂದುಳಿದರೆ ಅಲ್ಲಿಯ ರೇಡಿಯೇಟರ್ ಒಂದನ್ನೇ ದೊಡ್ಡದು ಮಾಡಿಸಿ. ಅದಕ್ಕಾಗಿ ಇಡೀ ಮನೆಯ ನೀರನ್ನು ಸುಡುಬಿಸಿ ಮಾಡಬೇಡಿ. ಬಿಸಿನೀರಿನ ಟ್ಯಾಂಕ್ ಇದ್ದರೆ ಅದರ 60 ಡಿಗ್ರಿ ಹಾಗೇ ಇರಲಿ. ಈ ಮಾತೆಲ್ಲ ರೇಡಿಯೇಟರ್ ನೀರಿಗೆ ಮಾತ್ರ.

ಪ್ರಶ್ನೆ: ನಮ್ಮಲ್ಲಿಗೆ ಗ್ಯಾಸ್ ಲೈನ್ ಬಂದಿಲ್ಲ. ಎಣ್ಣೆ ಬಾಯ್ಲರ್, ವಿದ್ಯುತ್ ಬಾಯ್ಲರ್, ಮರದ ಪೆಲೆಟ್, ಹೀಟ್ ಪಂಪ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಳೆಯ ಮನೆ, ಅಟ್ಟ ಬರಿದಾಗಿದೆ. ಯಾವುದು ಒಳ್ಳೆಯದು?

ಉತ್ತರ: ಅಟ್ಟ ಬರಿದಾಗಿದೆ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಮೊದಲು ಅಟ್ಟ, ಆಮೇಲೆ ಬಾಯ್ಲರ್. 50 ಚದರ ಮೀಟರಿನ ಬರೀ ಚಾವಣಿ 25 ಡಿಗ್ರಿ ವ್ಯತ್ಯಾಸದಲ್ಲಿ ಸುಮಾರು 2.9 ಕಿಲೋವ್ಯಾಟ್ ಬಿಡುತ್ತದೆ. ಅದರ ಮೇಲೆ 270 ಮಿಲಿಮೀಟರ್ ದಪ್ಪ ಉಣ್ಣೆ ಹಾಸಿದರೆ ಅದೇ ಚಾವಣಿ 200 ವ್ಯಾಟ್ ಬಿಡುತ್ತದೆ. ಈ ಕೆಲಸ ಮಾಡದೆ ಬಾಯ್ಲರ್ ಆರಿಸಿದರೆ, ಅಟ್ಟ ಸರಿಮಾಡಿದ ದಿನ ಅದು ದೊಡ್ಡದಾಗಿ ಬಿಡುತ್ತದೆ.

ಆಮೇಲೆ ಬಂದ ಅಂಕಿಗೆ ತಕ್ಕಂತೆ ಯೋಚಿಸಿ. ವಿದ್ಯುತ್ ಬಾಯ್ಲರ್ ಸಣ್ಣದು, ಸದ್ದಿಲ್ಲ, ಹೊಗೆ ಕೊಳವೆ ಬೇಡ. ಆದರೆ 12 ಕಿಲೋವ್ಯಾಟ್ ಅಂದರೆ 230 ವೋಲ್ಟ್‌ನಲ್ಲಿ 52 ಆಂಪಿಯರ್. ನಿಮ್ಮ ಮನೆಯ ಸಂಪರ್ಕ ಅದನ್ನು ತಡೆಯುತ್ತದಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೊದಲು ಕೇಳಿ. ಹೀಟ್ ಪಂಪ್ ಅಂದರೆ ಹೊರಗಿನ ಶಾಖವನ್ನು ಎಳೆದು ಮನೆಯೊಳಗೆ ತರುವ ಯಂತ್ರ. ಅದು ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ, ಮೂರು ಯೂನಿಟ್ ಶಾಖ ಕೊಡುತ್ತದೆ. ಶರತ್ತು ಏನೆಂದರೆ ರೇಡಿಯೇಟರ್ ನೀರು 45, 50 ಡಿಗ್ರಿಯಲ್ಲೇ ಮನೆಯನ್ನು ಬೆಚ್ಚಗಿಡಬೇಕು. ಅಟ್ಟ ಸರಿಯಾದ ಮೇಲೆ ನಾನಾದರೆ ಮೊದಲು ಇದನ್ನೇ ನೋಡುತ್ತೇನೆ. ಪೆಲೆಟ್ ಅಂದರೆ ಮರದ ಪುಡಿ ಒತ್ತಿ ಮಾಡಿದ ಗುಳಿಗೆ. ಅದಕ್ಕೆ ಜಾಗ ಬೇಕು. ವರ್ಷಕ್ಕೆ 12,000 ಯೂನಿಟ್ ಶಾಖ ಬೇಕಾದ ಮನೆಗೆ ಹತ್ತಿರ ಹತ್ತಿರ 2.8 ಟನ್, ಅಂದರೆ ನಾಲ್ಕು ಘನ ಮೀಟರಿಗೂ ಮೇಲೆ. ಒದ್ದೆ ಮುಟ್ಟಬಾರದು, ಬೂದಿ ತೆಗೆಯುತ್ತಿರಬೇಕು. ಎಣ್ಣೆ ಬಾಯ್ಲರ್ ಚಳಿಗೆ ಗಟ್ಟಿ ಜೀವ, ಆದರೆ ಟ್ಯಾಂಕ್ ಸೋರದಂತೆ ಕಾಯಬೇಕು, ವರ್ಷಕ್ಕೊಮ್ಮೆ ಸರ್ವಿಸ್ ತಪ್ಪಿಸುವ ಹಾಗಿಲ್ಲ.

ಉರಿಯುವಂಥದ್ದು ಏನೇ ಹಾಕಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಅದನ್ನು ಹೊತ್ತಿಸಬೇಡಿ. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಅಂತ ಮಲಗಿದವರು ಏಳದೇ ಹೋಗಬಹುದು.

ಪ್ರಶ್ನೆ: ಹೊಸ ಬಾಯ್ಲರ್ ಜೋಡಿಸುವ ಮೊದಲು ಹಳೆಯ ಪೈಪು, ರೇಡಿಯೇಟರ್ ಎಲ್ಲ ತೊಳೆಯಬೇಕು ಅಂತ ಫಿಟ್ಟರ್ ಹೇಳುತ್ತಾರೆ. ಕೆಲಸ ಬೆಳೆಸಲು ಹೇಳುತ್ತಿದ್ದಾರಾ?

ಉತ್ತರ: ಇಲ್ಲ. ಒಳ್ಳೆಯ ಫಿಟ್ಟರ್ ಸಿಕ್ಕಿದ್ದಾರೆ, ಬಿಡಬೇಡಿ. ರೇಡಿಯೇಟರ್ ಒಂದರ ಗಾಳಿ ಬಿಡುವ ಮೂಗುತಿ ಸಡಿಲಿಸಿ ಸ್ವಲ್ಪ ನೀರನ್ನು ಗಾಜಿನ ಲೋಟಕ್ಕೆ ಹಿಡಿಯಲು ಹೇಳಿ. ಇಂಕಿನ ಹಾಗೆ ಕಪ್ಪಗಿರುತ್ತದೆ. ಲೋಟದ ಹೊರಗೆ ಒಂದು ಆಯಸ್ಕಾಂತ ಹಿಡಿದರೆ ಆ ಕಪ್ಪು ಪುಡಿ ಗಾಜಿನ ಗೋಡೆಗೆ ಬಂದು ಅಂಟಿಕೊಳ್ಳುತ್ತದೆ. ರೇಡಿಯೇಟರ್‌ನ ಕಬ್ಬಿಣವೇ ತುಕ್ಕು ಹಿಡಿದು ಹಾಗಾಗಿದೆ. ಹೊಸ ಬಾಯ್ಲರ್ ಒಳಗಿನ ದಾರಿಗಳು ತುಂಬಾ ಕಿರಿದು. ಈ ಕೆಸರು ಅಲ್ಲಿ ಹೋಗಿ ಕೂತರೆ ಎರಡು ಮೂರು ಚಳಿಗಾಲದಲ್ಲೇ ಕಟ್ಟಿಕೊಳ್ಳಬಹುದು.

ತೊಳೆಸಿ. ನೀರು ತಿಳಿಯಾಗಿ ಬರುವವರೆಗೂ ತೊಳೆಸಿ, ಲೋಟ ಹಿಡಿದು ನೀವೇ ನಿಂತು ನೋಡಿ. ಆಮೇಲೆ ತುಕ್ಕು ತಡೆಯುವ ದ್ರಾವಣ ಹಾಕಿಸಿ. ವಾಪಸ್ ಬರುವ ಪೈಪಿನಲ್ಲಿ ಬಾಯ್ಲರ್‌ಗೆ ಸ್ವಲ್ಪ ಮುಂಚೆ ಆಯಸ್ಕಾಂತದ ಫಿಲ್ಟರ್ ಕೂರಿಸಲು ಹೇಳಿ. ಕೈಗೆ ಸಿಗುವ ಎತ್ತರದಲ್ಲಿರಲಿ, ಇಲ್ಲದಿದ್ದರೆ ಸರ್ವಿಸ್‌ಗೆ ಬಂದವರು ಅದನ್ನು ಬಿಚ್ಚದೆ ಹೋಗುತ್ತಾರೆ. ದ್ರಾವಣ ಹಾಕಿದ ತಾರೀಖನ್ನು ಬಾಯ್ಲರ್ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿ ಬರೆಸಿಡಿ.